ಪಕ್ಕದ ಪಂಚಾಯಿತಿಗೆ ಜಾಸ್ತಿ, ನಮಗೇಕೆ ಇಷ್ಟೇ?

ಹಣಕಾಸು ಆಯೋಗದ ಅನುದಾನದ ಬಗ್ಗೆ ಬರುವ ಪತ್ರಗಳಲ್ಲಿ ಪ್ರಶ್ನೆಗಳು ಬದಲಾಗುವುದೇ ಇಲ್ಲ, ಊರ ಹೆಸರು ಮಾತ್ರ ಬದಲಾಗುತ್ತದೆ. ಹಾಗಾಗಿ ಒಂದಕ್ಕೆ ವಿವರವಾಗಿ ಉತ್ತರಿಸಿ, ಉಳಿದವನ್ನು ಚುಟುಕಾಗಿ ಮುಗಿಸುತ್ತೇನೆ. ಹಣಕಾಸು ಆಯೋಗ ಎಂದರೆ ಕೇಂದ್ರದ ಹಣ ರಾಜ್ಯಗಳಿಗೆ, ಸ್ಥಳೀಯ ಸಂಸ್ಥೆಗಳಿಗೆ ಎಷ್ಟು ಎಂದು ಶಿಫಾರಸು ಮಾಡುವ ಆಯೋಗ; ಪಿಡಿಒ ಎಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ. ಅದಕ್ಕಿಂತ ಹಿಂದಿನಿಂದ ಶುರು ಮಾಡುವುದಿಲ್ಲ.

ಪ್ರಶ್ನೆ: ನಮ್ಮದು ಮಲೆನಾಡಿನ ಗ್ರಾಮ ಪಂಚಾಯಿತಿ. ವಿಸ್ತೀರ್ಣ ದೊಡ್ಡದು, ಜನ ಕಡಿಮೆ. 15ನೇ ಹಣಕಾಸಿನಲ್ಲಿ ಪೇಟೆ ಹತ್ತಿರದ ಪಂಚಾಯಿತಿಗೆ ನಮಗಿಂತ ಜಾಸ್ತಿ ಬಂತು. ಬಂದ ಹಣದಲ್ಲೂ ರಸ್ತೆ ಮಾಡಲು ಪಿಡಿಒ ಬಿಡಲಿಲ್ಲ. ಶಾಸಕರ ಮೂಲಕ ಹೆಚ್ಚು ಹಾಕಿಸಿಕೊಳ್ಳಲು ಆಗುತ್ತದೆಯೇ?

ಆಗುವುದಿಲ್ಲ. ಈ ಹಣ ಯಾರ ಶಿಫಾರಸು ಪತ್ರಕ್ಕೂ ಬಗ್ಗುವುದಿಲ್ಲ, ಸೂತ್ರದ ಮೇಲೆ ಹಂಚಿಕೆಯಾಗುತ್ತದೆ. 15ನೇ ಆಯೋಗ 2021-22ರಿಂದ 2025-26ರವರೆಗೆ ದೇಶದ ಗ್ರಾಮೀಣ ಸ್ಥಳೀಯ ಸಂಸ್ಥೆಗಳಿಗೆಂದು ಶಿಫಾರಸು ಮಾಡಿದ್ದು 2,36,805 ಕೋಟಿ ರೂಪಾಯಿ. ರಾಜ್ಯಗಳ ನಡುವೆ ಅದರ ಹಂಚಿಕೆಗೆ ಜನಸಂಖ್ಯೆಗೆ 90, ವಿಸ್ತೀರ್ಣಕ್ಕೆ 10ರ ತೂಕ. ರಾಜ್ಯದೊಳಗೆ ರಾಜ್ಯ ಹಣಕಾಸು ಆಯೋಗದ (ರಾಜ್ಯದೊಳಗಿನ ಹಂಚಿಕೆಯನ್ನು ಸೂಚಿಸುವ ಬೇರೆಯೇ ಆಯೋಗ) ಸೂತ್ರವಿದ್ದರೆ ಅದು, ಇಲ್ಲದಿದ್ದರೆ ಅದೇ 90:10. ಲೆಕ್ಕಕ್ಕೆ ಹಿಡಿದದ್ದು 2011ರ ಜನಗಣತಿ.

ಅನ್ಯಾಯ ಎನ್ನುವ ಮುನ್ನ ಲೆಕ್ಕ ಹಾಕಿ ನೋಡಿ. ಎರಡೇ ಪಂಚಾಯಿತಿ ಇವೆ, ಹಂಚಬೇಕಾದದ್ದು 100 ರೂಪಾಯಿ ಎಂದುಕೊಳ್ಳಿ. ಪೇಟೆ ಹತ್ತಿರದ್ದು 6,000 ಜನ, 30 ಚದರ ಕಿ.ಮೀ. ನಿಮ್ಮದು 3,000 ಜನ, 90 ಚದರ ಕಿ.ಮೀ. ಜನಸಂಖ್ಯೆಯ 90 ರೂಪಾಯಿಯಲ್ಲಿ ಅವರಿಗೆ 60, ನಿಮಗೆ 30. ವಿಸ್ತೀರ್ಣದ 10 ರೂಪಾಯಿಯಲ್ಲಿ ಅವರಿಗೆ ಎರಡೂವರೆ, ನಿಮಗೆ ಏಳೂವರೆ. ಒಟ್ಟು ಅವರಿಗೆ 62.50, ನಿಮಗೆ 37.50. ಮೊತ್ತ ನೋಡಿದರೆ ನಿಮಗೆ ಕಡಿಮೆಯೇ. ತಲಾವಾರು ಭಾಗಿಸಿದರೆ ನಿಮ್ಮ ಊರಿನವನಿಗೆ ಅವರ ಊರಿನವನಿಗಿಂತ ಶೇ 20ರಷ್ಟು ಜಾಸ್ತಿ. "ನಮಗೆ ಮೋಸ ಆಗಿದೆ" ಎಂದು ಪತ್ರ ಬರೆಯುವವರು ಈ ಭಾಗಾಕಾರವನ್ನು ಮಾಡುವುದೇ ಇಲ್ಲ.

ಹಾಗೆಂದು ನಿಮ್ಮ ದೂರು ಸುಳ್ಳಲ್ಲ. ತಲೆಗೆ ಶೇ 20 ಜಾಸ್ತಿ ಸಿಕ್ಕರೂ ಒಬ್ಬೊಬ್ಬನ ಪಾಲಿಗೆ ಬರುವ ನೆಲ ಆರು ಪಟ್ಟು. ಗುಡ್ಡಕ್ಕೊಂದು, ತೋಟಕ್ಕೊಂದು ಮನೆ ಇರುವ ಕಡೆ ನಲ್ಲಿ ನೀರು ಕೊಡಲು ಪ್ರತಿ ಮನೆಗೂ ಪೈಪು ಉದ್ದ, ಮೋಟಾರು ಹೆಚ್ಚು, ನೀರುಗಂಟಿಯ ಓಡಾಟವೂ ಹೆಚ್ಚು. ಆ ಖರ್ಚನ್ನು 10ರ ತೂಕ ಭರಿಸುವುದಿಲ್ಲ. ಸೂತ್ರದ ನಿಜವಾದ ದೋಷ ಇದು.

ಇದನ್ನು ಹೇಳಬೇಕಾದದ್ದು ಶಾಸಕರ ಮನೆ ಬಾಗಿಲಲ್ಲಲ್ಲ, ರಾಜ್ಯ ಹಣಕಾಸು ಆಯೋಗದ ಮುಂದೆ. ಸಂವಿಧಾನದ 243-ಐ ವಿಧಿ ಆ ಆಯೋಗವನ್ನು ಇಟ್ಟಿರುವುದೇ ಇದಕ್ಕೆ. ಕರ್ನಾಟಕದಲ್ಲಿ 2023ರಲ್ಲಿ ಸಿ. ನಾರಾಯಣಸ್ವಾಮಿ ಅಧ್ಯಕ್ಷತೆಯಲ್ಲಿ 5ನೇ ಆಯೋಗ ರಚನೆಯಾಯಿತು. ಇಂಥ ಆಯೋಗಕ್ಕೆ ಮನವಿ ಕೊಡುವಾಗ "ಹಿಂದುಳಿದ ಪ್ರದೇಶ, ವಿಶೇಷ ಗಮನ ಕೊಡಿ" ಎಂದು ಬರೆದರೆ ಕಡತಕ್ಕೆ ಸೇರುತ್ತದೆ, ಅಷ್ಟೆ. ಮಜರೆಗಳೆಷ್ಟು, ಒಂದು ನಲ್ಲಿ ಸಂಪರ್ಕಕ್ಕೆ ಸರಾಸರಿ ಎಷ್ಟು ಮೀಟರ್ ಪೈಪು, ನೀರಿನ ಮೋಟಾರುಗಳ ವರ್ಷದ ಕರೆಂಟ್ ಬಿಲ್ ಎಷ್ಟು, ಅದನ್ನು ಮನೆಗಳ ಸಂಖ್ಯೆಯಿಂದ ಭಾಗಿಸಿದರೆ ಎಷ್ಟು: ಈ ನಾಲ್ಕು ಅಂಕಿಯನ್ನು ಮೂರು ವರ್ಷದ್ದು ಕೊಡಿ. ಪೇಟೆ ಪಂಚಾಯಿತಿಯದನ್ನೂ ಪಕ್ಕದಲ್ಲೇ ಇಡಿ. ಅಂಕಿಗೆ ಉತ್ತರ ಕೊಡಲೇಬೇಕಾಗುತ್ತದೆ.

ಇನ್ನು ರಸ್ತೆ ವಿಷಯ. ಇಲ್ಲಿ ನಿಮ್ಮ ಪಿಡಿಒ ಹೇಳಿದ್ದು ಬಹುಶಃ ಸರಿ. 15ನೇ ಆಯೋಗದ ಅವಧಿಯಲ್ಲಿ, 2021-22ರಿಂದ 2025-26ರವರೆಗೆ, ಈ ಅನುದಾನದ ಶೇ 60 ನಿರ್ಬಂಧಿತ (ಗೊತ್ತುಪಡಿಸಿದ ಕೆಲಸಕ್ಕೆ ಮಾತ್ರ), ಶೇ 40 ಅನಿರ್ಬಂಧಿತವಾಗಿತ್ತು. 20 ಲಕ್ಷ ಬಂದರೆ 6 ಲಕ್ಷ ಕುಡಿಯುವ ನೀರು, ಮಳೆ ನೀರು ಸಂಗ್ರಹ, ನೀರಿನ ಮರುಬಳಕೆಗೆ; 6 ಲಕ್ಷ ನೈರ್ಮಲ್ಯಕ್ಕೆ; ಬಾಕಿ 8 ಲಕ್ಷ ಮಾತ್ರ ರಸ್ತೆ, ಮೋರಿ, ಬೀದಿದೀಪ ಇತ್ಯಾದಿಗೆ. ಸಂಬಳ ಮತ್ತು ಕಚೇರಿ ವೆಚ್ಚಕ್ಕೆ ಆ 8 ಲಕ್ಷವೂ ಸಲ್ಲದು. ನೀರಿನ ಕೆಲಸ ಪೂರ್ತಿ ಮುಗಿದಿದ್ದರೆ ಆ ಹಣವನ್ನು ನೈರ್ಮಲ್ಯಕ್ಕೆ ತಿರುಗಿಸಬಹುದು, ನೈರ್ಮಲ್ಯ ಮುಗಿದಿದ್ದರೆ ನೀರಿಗೆ. ಗ್ರಾಮ ಸಭೆಯ ನಿರ್ಣಯ ಮತ್ತು ಮೇಲಧಿಕಾರಿಯ ದೃಢೀಕರಣ ಎರಡೂ ಬೇಕು. ನೀರಿನ ಹಣ, ನೈರ್ಮಲ್ಯದ ಹಣ ಎರಡನ್ನೂ ಕೂಡಿಸಿ ರಸ್ತೆಗೆ ಹಾಕುವಂತಿಲ್ಲ. ಒಂದಡಿ ಚರಂಡಿ ತೆಗೆದು ಕಾಂಕ್ರೀಟ್ ರಸ್ತೆಯ ಬಿಲ್ಲನ್ನು ನೈರ್ಮಲ್ಯದ ಲೆಕ್ಕಶೀರ್ಷಿಕೆಗೆ ಹಾಕುವ "ಜಾಣತನ" ನಡೆಯುತ್ತಿರುತ್ತದೆ. ಆಡಿಟ್ ಆಕ್ಷೇಪ ಬಂದಾಗ ವಸೂಲಿ ನೋಟಿಸಿಗೆ ಉತ್ತರ ಕೊಡುವವರು ಸಹಿ ಹಾಕಿದವರು, ಐಡಿಯಾ ಕೊಟ್ಟ ಗುತ್ತಿಗೆದಾರರಲ್ಲ.

ಖಾತೆಯಲ್ಲಿ ಹಣವಿದ್ದೂ ಕೆಲಸದ ಬಿಲ್ ಪಾಸಾಗದಿದ್ದರೆ ರಾಜಕೀಯ ಹುಡುಕುವ ಮೊದಲು ಇಷ್ಟನ್ನು ನೋಡಿ. ಕಾಮಗಾರಿ ಕ್ರಿಯಾ ಯೋಜನೆಯಲ್ಲಿದೆಯೇ, ಯೋಜನೆ ಪಂಚಾಯಿತಿಗಳ ಯೋಜನೆ, ಲೆಕ್ಕಪತ್ರದ ಪೋರ್ಟಲ್ ಆದ ಈ-ಗ್ರಾಮ ಸ್ವರಾಜ್‌ನಲ್ಲಿ ಅಪ್‌ಲೋಡ್ ಆಗಿದೆಯೇ? ಅಲ್ಲಿ ಇಲ್ಲದ ಕಾಮಗಾರಿಗೆ ಹಣ ಪಾವತಿ ಆಗದು. ಹಿಂದಿನ ತಿಂಗಳ ಲೆಕ್ಕ ಕ್ಲೋಸ್ ಆಗಿದೆಯೇ? ಅಧ್ಯಕ್ಷರು ಬದಲಾದ ಮೇಲೆ ಹೊಸಬರ ಡಿಜಿಟಲ್ ಸಹಿ ನೋಂದಣಿ ಆಯಿತೇ, ಪಿಡಿಒ ಅವರದರ ಅವಧಿ ಮುಗಿದಿಲ್ಲವೇ? ಸಾಮಾನು ಪೂರೈಸಿದವರ ಬ್ಯಾಂಕ್ ಖಾತೆ ಸರ್ಕಾರಿ ಹಣ ಪಾವತಿಯ ಆನ್‌ಲೈನ್ ವ್ಯವಸ್ಥೆಯಾದ ಪಿಎಫ್‌ಎಂಎಸ್‌ನಲ್ಲಿ ದೃಢೀಕರಣವಾಗಿದೆಯೇ? ಬಿಲ್ಲು ನಿಲ್ಲುವುದು ಹೆಚ್ಚಾಗಿ ಇಂಥ ಕಡೆಗಳಲ್ಲೇ. ಡಿಜಿಟಲ್ ಸಹಿಯ ಡಾಂಗಲ್ಲನ್ನು ಪಿನ್ ಸಮೇತ ಡೇಟಾ ಎಂಟ್ರಿ ಆಪರೇಟರ್ ಕೈಗೆ ಕೊಟ್ಟು ತೋಟಕ್ಕೆ ಹೋಗುವ ಅಧ್ಯಕ್ಷರಿಗೆ ಒಂದು ಮಾತು: ಅದು ಖಾಲಿ ಚೆಕ್ಕಿಗೆ ಹಾಕಿದ ಸಹಿ.

15ನೇ ಆಯೋಗದ ಹಣವೇ ಬಂದಿಲ್ಲವೆಂದರೆ ಎರಡು ಕಾರಣ ನೋಡಿ. ಹಿಂದಿನ ವರ್ಷದ ತಾತ್ಕಾಲಿಕ ಲೆಕ್ಕ, ಅದರ ಹಿಂದಿನ ವರ್ಷದ ಆಡಿಟ್ ಆದ ಲೆಕ್ಕ ಎರಡೂ ಆನ್‌ಲೈನ್‌ನಲ್ಲಿ ಇರಬೇಕು ಎಂಬುದು ಷರತ್ತು. ಅದು ಸರಿಯಿದ್ದರೆ, ಕೇಂದ್ರದ ಬಿಡುಗಡೆ ಆದೇಶದ ದಿನಾಂಕ ನೋಡಿ. ರಾಜ್ಯ ಸರ್ಕಾರ 10 ಕೆಲಸದ ದಿನಗಳೊಳಗೆ ಹಣ ದಾಟಿಸಬೇಕು, ತಡವಾದರೆ ಬಡ್ಡಿ ಸೇರಿಸಿ ಕೊಡಬೇಕು. ಆ ಬಡ್ಡಿಯನ್ನು ಬರವಣಿಗೆಯಲ್ಲಿ ಕೇಳಿ. ಕೇಳುವವರೇ ಕಡಿಮೆ.

ಪ್ರಶ್ನೆ: ಕೇಂದ್ರ ನೇರವಾಗಿ ಪಂಚಾಯಿತಿಗೇ ಏಕೆ ಕೊಡಬಾರದು?

ಸ್ಥಳೀಯ ಆಡಳಿತ ರಾಜ್ಯಪಟ್ಟಿಯ ವಿಷಯ. 280ನೇ ವಿಧಿಯೂ ಹೇಳುವುದು ಪಂಚಾಯಿತಿಗಳ ಸಂಪನ್ಮೂಲಕ್ಕೆ ಪೂರಕವಾಗಿ ರಾಜ್ಯದ ಸಂಚಿತ ನಿಧಿಯನ್ನು ಹೆಚ್ಚಿಸಲು. ಹಣ ವಿಧಾನಸೌಧದ ಮೂಲಕವೇ ಬರುತ್ತದೆ.

ಪ್ರಶ್ನೆ: ಕೇಂದ್ರದ ತೆರಿಗೆಯಲ್ಲಿ ಶೇ 41 ರಾಜ್ಯಗಳಿಗೆ ಬರುತ್ತದಲ್ಲ, ಅದರಿಂದ ನಮಗೇಕೆ ಕೊಡುವುದಿಲ್ಲ?

ಆ 41 ಹಂಚಿಕೆಗೆ ಒಳಪಡುವ ತೆರಿಗೆಯ ಮೇಲೆ ಮಾತ್ರ. ಸೆಸ್, ಸರ್‌ಚಾರ್ಜ್ ಅದರಲ್ಲಿ ಸೇರುವುದಿಲ್ಲ. ರಾಜ್ಯಗಳಿಗೆ ಬರುವ ಆ 41ರಲ್ಲಿ ಕರ್ನಾಟಕದ ಪಾಲು 14ನೇ ಆಯೋಗದ ಶೇ 4.713ರಿಂದ 15ನೇ ಆಯೋಗದಲ್ಲಿ ಶೇ 3.647ಕ್ಕೆ ಇಳಿಯಿತು. ಕೋಪಕ್ಕೆ ಕಾರಣವಿದೆ. ಆದರೆ ನಿಮ್ಮ ಅನುದಾನ ಬೇರೆ ಚೀಲದ್ದು, ಎರಡನ್ನೂ ಕಲಸಬೇಡಿ.

ಪ್ರಶ್ನೆ: ತಾಲ್ಲೂಕು, ಜಿಲ್ಲಾ ಪಂಚಾಯಿತಿ ಪಾಲು ಏನಾಯಿತು?

ಚುನಾಯಿತ ಮಂಡಳಿ ಇಲ್ಲದ ಸಂಸ್ಥೆಗೆ ಈ ಅನುದಾನವಿಲ್ಲ. ಅವುಗಳ ಅವಧಿ 2021ರಲ್ಲೇ ಮುಗಿಯಿತು. ಚುನಾವಣೆ ಏಕೆ ನಡೆಸಲಿಲ್ಲ ಎಂದು ಕೇಳಬೇಕಾದದ್ದು ನನ್ನನ್ನಲ್ಲ.

ಪ್ರಶ್ನೆ: ದೆಹಲಿಯಿಂದ ಹೆಚ್ಚುವರಿ ಅನುದಾನ ತರಿಸಿಕೊಡುತ್ತೇವೆ, ಶೇ 5 ಮುಂಗಡ ಕೊಡಿ ಎನ್ನುತ್ತಿದ್ದಾರೆ. ನಂಬಬಹುದೇ?

ಪೊಲೀಸ್ ಠಾಣೆಗೆ ಹೋಗಿ.

ಪ್ರಶ್ನೆ: 16ನೇ ಆಯೋಗಕ್ಕೂ ಇದೇ 60:40 ಅನ್ವಯವೇ?

ಅದರ ಅವಧಿ 2026ರ ಏಪ್ರಿಲ್ 1ರಿಂದ. ಅದರ ಮಾರ್ಗಸೂಚಿಯನ್ನೇ ತೆಗೆದು ಓದಿ. 15ನೆಯದರ ಝೆರಾಕ್ಸ್ ಹಿಡಿದು ಸಾಮಾನ್ಯ ಸಭೆಯಲ್ಲಿ ವಾದಿಸಬೇಡಿ.