ಟ್ಯಾಂಕ್ ನೀರು ಸರಾಗವಾಗಿ ಬರುತ್ತೆ, ಕೆರೆ ನೀರು ಮಾತ್ರ ಏರಲ್ಲ. ಪಂಪ್ ಕೆಟ್ಟಿದೆಯಾ?

ಅಗ್ನಿಶಾಮಕ ಚಾಲಕ ತರಬೇತಿಯಲ್ಲಿದ್ದೀರಿ, ಗಾಡಿಯ ಟ್ಯಾಂಕಿನಿಂದ ಪಂಪ್ ಚೆನ್ನಾಗಿ ಓಡಿಸುತ್ತೀರಿ, ಕೆರೆಗೆ ಸಕ್ಷನ್ ಹೋಸ್ (ನೀರು ಎಳೆಯುವ ಕೊಳವೆ) ಇಳಿಸಿದರೆ ನೀರೇ ಬರುವುದಿಲ್ಲ ಎಂದು ಕೇಳಿದ್ದೀರಿ. ಪಂಪನ್ನು ದೂರುವ ಮೊದಲು ಗಾಳಿ ಎಲ್ಲಿಂದ ನುಗ್ಗುತ್ತಿದೆ ಹುಡುಕಿ. ಬಹುತೇಕ ಸಲ ಕಾರಣ ಅದೇ.

ಗಾಡಿಯಲ್ಲಿರುವ ಸೆಂಟ್ರಿಫ್ಯೂಗಲ್ ಪಂಪ್ ಚಕ್ರ ತಿರುಗಿಸಿ ನೀರನ್ನು ತಳ್ಳುತ್ತದೆ, ಗಾಳಿಯನ್ನು ಎಳೆಯಲಾರದು. ಟ್ಯಾಂಕಿನ ನೀರು ತಾನಾಗಿಯೇ ಪಂಪಿಗೆ ಇಳಿದು ತುಂಬಿಕೊಳ್ಳುತ್ತದೆ. ಕೆರೆ ನೀರು ಕೆಳಗಿರುವುದರಿಂದ ಪ್ರೈಮರ್ ಎಂಬ ಗಾಳಿ ಹೀರುವ ಸಾಧನ ಹೋಸಿನೊಳಗಿನ ಗಾಳಿಯನ್ನು ತೆಗೆಯಬೇಕು, ಆಗ ಹೊರಗಿನ ವಾಯುಭಾರ ನೀರನ್ನು ಮೇಲಕ್ಕೆ ಒತ್ತುತ್ತದೆ. ಸಮುದ್ರಮಟ್ಟದಲ್ಲಿ ಹೀಗೆ ನೀರು ಏರುವ ಎತ್ತರಕ್ಕೆ ಲೆಕ್ಕದ ಮಿತಿ 10.3 ಮೀಟರ್, ಕೈಗೆ ಸಿಗುವುದು ಸುಮಾರು 7. ಬೆಂಗಳೂರು 900 ಮೀಟರಿಗಿಂತ ಎತ್ತರದಲ್ಲಿದೆ, ಹಾಗಾಗಿ ಮಂಗಳೂರಿಗಿಂತ ಇಲ್ಲಿ ಹೆಚ್ಚುಕಡಿಮೆ 1 ಮೀಟರ್ ಕಡಿಮೆ. ನೀರಿನಿಂದ ಪಂಪಿಗಿರುವ ಎತ್ತರ ಹೆಚ್ಚಿದಷ್ಟೂ ಸಿಗುವ ನೀರು ಕಡಿಮೆಯಾಗುತ್ತದೆ, ಆದ್ದರಿಂದ ಗಾಡಿಯನ್ನು ನೀರಿಗೆ ಆದಷ್ಟು ಹತ್ತಿರ, ಗಟ್ಟಿ ನೆಲದ ಮೇಲೆ ನಿಲ್ಲಿಸಿ.

ಸಕ್ಷನ್ ಹೋಸಿನ ಪ್ರತಿ ಕಪ್ಲಿಂಗ್‌ನಲ್ಲೂ ವಾಷರ್ ಇದೆಯೇ ಎಂದು ಬೆರಳಾಡಿಸಿ ನೋಡಿ. ಮರಳಿನ ಒಂದು ಕಣ ಸಿಕ್ಕಿಕೊಂಡಿದ್ದರೂ ಗಾಳಿ ಹೋಗುತ್ತದೆ. ನೀರು ಹೊರಬಿಡುವ ಎಲ್ಲ ಡೆಲಿವರಿ ವಾಲ್ವ್, ಪಂಪ್ ಬರಿದುಮಾಡುವ ಡ್ರೇನ್ ಕಾಕ್ ಮುಚ್ಚಿರಲಿ. ಟ್ಯಾಂಕಿನಿಂದ ಪಂಪಿಗೆ ಬರುವ ವಾಲ್ವನ್ನು ಮರೆಯುವವರೇ ಜಾಸ್ತಿ: ಖಾಲಿ ಟ್ಯಾಂಕಿನ ವಾಲ್ವ್ ತೆರೆದಿದ್ದರೆ ಪ್ರೈಮರ್ ಟ್ಯಾಂಕಿನ ಗಾಳಿಯನ್ನೇ ಎಳೆಯುತ್ತಾ ಕೂರುತ್ತದೆ. ಹೋಸಿನ ತುದಿಯ ಸ್ಟ್ರೈನರ್ (ಕಸ ತಡೆಯುವ ಜಾಲರಿ) ನೀರಿನ ಮೇಲ್ಮೈಯಿಂದ ಹೋಸಿನ ವ್ಯಾಸದ ಮೂರು ಪಟ್ಟು ಕೆಳಗಿರಬೇಕು, ಅಂದರೆ 100 ಮಿಮೀ ಹೋಸಿಗೆ 300 ಮಿಮೀ. ಕೆಸರಿಗೂ ತಾಗಬಾರದು, ಹಗ್ಗ ಕಟ್ಟಿ ತೂಗಿಬಿಡಿ. ಏರಿಯ ಮೇಲಿಂದ ಹೋಸ್ ಹಾಯಿಸುವಾಗ ಅದು ನೀರಿನಿಂದ ಪಂಪಿನವರೆಗೆ ಏರುತ್ತಲೇ ಬರಲಿ. ನಡುವೆ ಕಮಾನಿನಂತೆ ಎದ್ದು ಮತ್ತೆ ಇಳಿದರೆ ಗಾಳಿ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ.

ಉಳಿದದ್ದನ್ನು ಸಕ್ಷನ್ ಕಡೆಯ ನಿರ್ವಾತ ಅಳೆಯುವ ವ್ಯಾಕ್ಯೂಮ್ ಗೇಜ್ ಹೇಳುತ್ತದೆ, ಅದರ ಮುಳ್ಳನ್ನು ಓದಲು ಕಲಿಯದೆ ಈ ಕೆಲಸ ಬರುವುದಿಲ್ಲ. 3 ಮೀಟರ್ ಎತ್ತರಕ್ಕೆ ಸುಮಾರು 220 ಮಿಮೀ ಪಾದರಸ ತೋರಬೇಕು, ನೀರು ಹರಿಯತೊಡಗಿದರೆ ಇನ್ನಷ್ಟು. ಪ್ರೈಮ್ ಮಾಡಿದರೂ ಮುಳ್ಳು ಅಲುಗದಿದ್ದರೆ ಎಲ್ಲೋ ಗಾಳಿ ಸೋರಿಕೆ ಇದೆ, ಇಲ್ಲವೇ ಪ್ರೈಮರೇ ಕೆಲಸ ಮಾಡುತ್ತಿಲ್ಲ. ಮುಳ್ಳು ಬಹಳ ಮೇಲೇರಿದರೂ ನೀರಿಲ್ಲವೆಂದರೆ ಸ್ಟ್ರೈನರ್ ಕಟ್ಟಿಕೊಂಡಿದೆ ಅಥವಾ ಹೋಸಿನ ಒಳಪದರ ಕುಸಿದಿದೆ. ನೀರು ಬಂದು ಸ್ವಲ್ಪ ಹೊತ್ತಿಗೆ ವ್ಯಾಕ್ಯೂಮ್ ಗೇಜ್, ಡೆಲಿವರಿ ಒತ್ತಡದ ಗೇಜ್ ಎರಡೂ ಬಿದ್ದರೆ ಸ್ಟ್ರೈನರ್ ಮೇಲೆ ಸುಳಿ ಎದ್ದಿದೆಯೇ ನೋಡಿ. ಥ್ರಾಟಲ್ ಏರಿಸಿದರೂ ಒತ್ತಡ ಏರದೆ ಪಂಪಿನೊಳಗೆ ಜಲ್ಲಿ ಉರುಳಿದ ಸದ್ದು ಬಂದರೆ ಅದು ಕ್ಯಾವಿಟೇಶನ್, ಅಂದರೆ ಪಂಪಿನೊಳಗೆ ನೀರು ಆವಿಯ ಗುಳ್ಳೆಗಟ್ಟಿ ಒಡೆಯುವುದು. ಕೂಡಲೇ ಥ್ರಾಟಲ್ ಇಳಿಸಿ, ಹಾಗೆಯೇ ಓಡಿಸುತ್ತಿದ್ದರೆ ಪಂಪಿನೊಳಗೆ ತಿರುಗುವ ಇಂಪೆಲ್ಲರ್ ಚಕ್ರ ಸವೆದುಹೋಗುತ್ತದೆ.

ನೀರು ಸಿಕ್ಕ ಮೇಲೆ ಡೆಲಿವರಿ ವಾಲ್ವನ್ನು ನಿಧಾನವಾಗಿ ತೆರೆಯಿರಿ, ನಿಧಾನವಾಗಿಯೇ ಮುಚ್ಚಿ. ಥಟ್ಟನೆ ತೆರೆದರೆ ಆಚೆ ತುದಿಯಲ್ಲಿ ಬ್ರಾಂಚ್ (ನೀರು ಚಿಮ್ಮಿಸುವ ನಳಿಕೆ) ಹಿಡಿದವರು ಕೆಳಗೆ ಬೀಳಬಹುದು, ಥಟ್ಟನೆ ಮುಚ್ಚಿದರೆ ಹೋಸ್ ಒಡೆಯಬಹುದು. ಬ್ರಾಂಚ್ ಮೇಲೆ ಹೋದಂತೆ ಪ್ರತಿ 10 ಮೀಟರಿಗೆ 1 ಬಾರ್ ಸೇರಿಸಿ, ಹೋಸಿನ ಘರ್ಷಣೆಯ ನಷ್ಟ ಬೇರೆ. ಎಲ್ಲ ಡೆಲಿವರಿ ಮುಚ್ಚಿ ಪಂಪ್ ತಿರುಗಿಸುತ್ತಲೇ ಇದ್ದರೆ ಒಳಗಿನ ನೀರು ಬಿಸಿಯಾಗುತ್ತದೆ, ಸ್ವಲ್ಪ ನೀರನ್ನು ಟ್ಯಾಂಕಿಗೆ ಹರಿಯಬಿಡಿ.

ಚಾಲನೆಯ ಬಗ್ಗೆ ಒಂದೇ ಮಾತು. 4500 ಲೀಟರ್ ಟ್ಯಾಂಕ್ ಎಂದರೆ ನಾಲ್ಕೂವರೆ ಟನ್ ನೀರು. ಅರ್ಧ ತುಂಬಿದ ಟ್ಯಾಂಕ್ ತಿರುವಿನಲ್ಲಿ ಪೂರ್ತಿ ತುಂಬಿದ್ದಕ್ಕಿಂತ ಅಪಾಯ, ನೀರು ಒಂದೇ ಕಡೆಗೆ ನುಗ್ಗುತ್ತದೆ. ತಿರುವಿಗೆ ಮೊದಲೇ ವೇಗ ಇಳಿಸಿ, ತಿರುವಿನ ನಡುವೆ ಬ್ರೇಕ್ ಒತ್ತಬೇಡಿ.

ಕೆರೆ ನೀರು ಬಳಸಿದ ದಿನ ಠಾಣೆಗೆ ಬಂದೊಡನೆ ಶುದ್ಧ ನೀರು ಹರಿಸಿ ಪಂಪ್ ತೊಳೆಯಿರಿ. ಆಮೇಲೆ ಹೋಸ್ ತೆಗೆದು, ಸಕ್ಷನ್ ಬಾಯಿಗೆ ಕ್ಯಾಪ್ ಬಿಗಿದು, ಎಲ್ಲ ವಾಲ್ವ್ ಮುಚ್ಚಿ ಒಣ ಪ್ರೈಮ್ ಮಾಡಿ (ನೀರಿಲ್ಲದೆ ಪ್ರೈಮರ್ ಓಡಿಸಿ) ನಿಲ್ಲಿಸಿ, ಒಂದು ನಿಮಿಷ ಮುಳ್ಳನ್ನು ಗಮನಿಸಿ. ಸರಸರ ಇಳಿದರೆ ಸೋರಿಕೆ ಪಂಪಿನಲ್ಲೇ ಇದೆ. ಗಟ್ಟಿಯಾಗಿ ನಿಂತರೆ ಪಂಪಿನಲ್ಲಿ ಸೋರಿಕೆಯಿಲ್ಲ, ಕೆರೆಯ ಬಳಿ ತೊಂದರೆ ಕೊಟ್ಟದ್ದು ಹೆಚ್ಚಾಗಿ ನಿಮ್ಮ ಹೋಸ್ ಅಥವಾ ಅದರ ವಾಷರ್.