ಏಳನೆಯ ಬ್ಲಾಕಿಗೆ ಬರೆದ ಮೊಬೈಲ್ ಸಂಖ್ಯೆ

ಪ್ರಶ್ನೆ: ತೀರ್ಥಹಳ್ಳಿ ಸಮೀಪದ ನಮ್ಮ ಊರಿನಲ್ಲಿ ಕೆಲವರು ಸೇರಿ ಸಣ್ಣದೊಂದು ವಾಚನಾಲಯ ನಡೆಸುತ್ತಿದ್ದೇವೆ. ಸದಸ್ಯರಿಗೆ ಕೊಡಲೆಂದು ಮೈಫೇರ್ ಕ್ಲಾಸಿಕ್ 1ಕೆ ಮಾದರಿಯ (ಒಳಗೆ ಚಿಪ್ಪಿರುವ) 150 ಬಿಳಿ ಕಾರ್ಡುಗಳನ್ನೂ ಯುಎಸ್‌ಬಿ ರೀಡರ್ ಒಂದನ್ನೂ ತರಿಸಿದೆವು. ಜೊತೆಗೆ ಬಂದ ತಂತ್ರಾಂಶದಲ್ಲಿ ಕಾರ್ಡಿನ 4ನೇ ಬ್ಲಾಕಿಗೆ (ಮಾಹಿತಿ ಇಡುವ ಖಾನೆಗೆ) ಸದಸ್ಯತ್ವ ಸಂಖ್ಯೆ, 5ಕ್ಕೆ ಹೆಸರು, 6ಕ್ಕೆ ವಿಳಾಸ, 7ಕ್ಕೆ ಮೊಬೈಲ್ ಸಂಖ್ಯೆ ಬರೆದೆ. ಪ್ರತಿ ಸಲವೂ ‘ಬರೆಯಲಾಗಿದೆ’ ಎಂದೇ ಬಂತು. ಕೆಲವರ ಕನ್ನಡ ಹೆಸರು ಮಾತ್ರ ಅರ್ಧಕ್ಕೇ ನಿಂತಿತು. ಮಾರನೆಯ ದಿನ ಓದಿಸಿದರೆ ಹೀಗೆ ಬರೆದ 12 ಕಾರ್ಡುಗಳೂ ‘ದೃಢೀಕರಣ ವಿಫಲ’ ಎನ್ನುತ್ತಿವೆ. ಮಳೆಗಾಲದ ಥಂಡಿಗೆ ಕೆಟ್ಟಿರಬಹುದೇ? ಪುಸ್ತಕದ ಠೇವಣಿ ಹಣದ ಲೆಕ್ಕವನ್ನೂ ಕಾರ್ಡಿನಲ್ಲೇ ಇಡಬಹುದೇ?

ಉತ್ತರ: ಮಲೆನಾಡಿನಲ್ಲಿ ಯಾವ ಯಂತ್ರ ಕೆಟ್ಟರೂ ಮೊದಲು ಮಳೆಯನ್ನು ಬೈಯುವುದು ರೂಢಿ, ಆದರೆ ಇಲ್ಲಿ ಮಳೆ ನಿರಪರಾಧಿ. ನಿಮ್ಮ ಕಾರ್ಡಿನ ಚಿಪ್ಪೂ ಅದರ ಸುತ್ತಲಿನ ತಂತಿಸುರುಳಿಯೂ ಪ್ಲಾಸ್ಟಿಕ್ ಪದರಗಳ ನಡುವೆ ಮುಚ್ಚಿಕೊಂಡಿದ್ದು, 13.56 ಮೆಗಾಹರ್ಟ್ಸ್ ತರಂಗದ ಮೂಲಕ, ರೀಡರನ್ನು ಮುಟ್ಟದೆಯೇ ಮಾತನಾಡುತ್ತವೆ. ತೇವಕ್ಕೆ ಕಪ್ಪಾಗುವ ಲೋಹದ ಬಿಲ್ಲೆ ಈ ಕಾರ್ಡಿನ ಮೇಲೆ ಇಲ್ಲವೇ ಇಲ್ಲ.

ತೊಂದರೆ ಇರುವುದು ನೀವು ಮೊಬೈಲ್ ಸಂಖ್ಯೆ ಬರೆದ 7ನೇ ಬ್ಲಾಕಿನಲ್ಲಿ. ಈ ಕಾರ್ಡಿನ 1024 ಬೈಟ್ ಜಾಗವನ್ನು 16 ಸೆಕ್ಟರುಗಳಾಗಿಯೂ, ಪ್ರತಿ ಸೆಕ್ಟರನ್ನು 16 ಬೈಟಿನ ನಾಲ್ಕು ಬ್ಲಾಕುಗಳಾಗಿಯೂ ಹಂಚಲಾಗಿದೆ. ಸೆಕ್ಟರನ್ನು ನಾಲ್ಕು ಗೂಡುಗಳಿರುವ ಒಂದು ಕೋಣೆ ಎಂದುಕೊಂಡರೆ, ನಾಲ್ಕನೆಯ ಗೂಡಿನಲ್ಲಿರುವುದು ಸಾಮಾನಲ್ಲ, ಆ ಕೋಣೆಯದೇ ಬೀಗ. ಎಣಿಕೆ 0ಯಿಂದ ಶುರುವಾಗುವುದರಿಂದ 3, 7, 11, 15 ಹೀಗೆ ಸಾಗುವ ಈ ಬ್ಲಾಕುಗಳಲ್ಲಿ ಮೊದಲ 6 ಬೈಟು ‘ಎ’ ಕೀಲಿ, ನಡುವಿನ 4 ಬೈಟಿನಲ್ಲಿ ಯಾವ ಕೀಲಿಯಿಂದ ಏನು ಮಾಡಬಹುದು ಎಂಬ ಅನುಮತಿ, ಕೊನೆಯ 6 ಬೈಟು ‘ಬಿ’ ಕೀಲಿ. ಕಾರ್ಖಾನೆಯಿಂದ ಬಂದ ಹೊಸ ಕಾರ್ಡಿನಲ್ಲಿ ‘ಎ’ ಕೀಲಿ ಸಾಮಾನ್ಯವಾಗಿ ಹನ್ನೆರಡು ಎಫ್‌ಗಳು (ಪ್ರತಿ ಬೈಟನ್ನು ಎರಡು ಚಿಹ್ನೆಗಳಲ್ಲಿ ತೋರಿಸುವ ಹೆಕ್ಸ್ ಬರಹದಲ್ಲಿ). ಆ ಕೀಲಿಯಿಂದಲೇ ಬೀಗವನ್ನೂ ಬದಲಿಸಲು ಅನುಮತಿ ಇರುವುದರಿಂದ ತಂತ್ರಾಂಶ ನಿಮ್ಮನ್ನು ತಡೆಯಲಿಲ್ಲ.

ಹತ್ತು ಅಂಕಿಗಳ ಮೊಬೈಲ್ ಸಂಖ್ಯೆಯನ್ನು ಅಕ್ಷರರೂಪದಲ್ಲಿ, ಅಂಕಿಗೊಂದು ಬೈಟಿನಂತೆ, ಅಲ್ಲಿ ಬರೆದಾಗ ಮೊದಲ ಆರು ಅಂಕಿಗಳು ಹೊಸ ಕೀಲಿಯಾದವು. ಅಷ್ಟೇ ಆಗಿದ್ದರೆ ಆ ಅಂಕಿಗಳನ್ನೇ ಕೀಲಿಯಾಗಿ ಕೊಟ್ಟು ತೆರೆಯಬಹುದಿತ್ತು. ಆದರೆ ಉಳಿದ ನಾಲ್ಕು ಅಂಕಿಗಳು ಅನುಮತಿಯ ಜಾಗಕ್ಕೆ ಬಿದ್ದಿವೆ. ಅನುಮತಿಯ ಪ್ರತಿ ಬಿಟ್ ಅನ್ನೂ (0 ಅಥವಾ 1) ಒಮ್ಮೆ ನೇರವಾಗಿ, ಇನ್ನೊಮ್ಮೆ ತಿರುವಿ (0 ಇದ್ದಲ್ಲಿ 1, 1 ಇದ್ದಲ್ಲಿ 0) ಬರೆದಿರಬೇಕು. ಎರಡೂ ತಾಳೆಯಾಗದಿದ್ದರೆ ಚಿಪ್ಪು ಆ ಸೆಕ್ಟರನ್ನು ಶಾಶ್ವತವಾಗಿ ಮುಚ್ಚಿಬಿಡುತ್ತದೆ. 0ರಿಂದ 9ರವರೆಗಿನ ಯಾವ ಅಂಕಿಗಳನ್ನು ಹೇಗೆ ಜೋಡಿಸಿದರೂ ಈ ತಾಳೆ ಕೂಡುವುದಿಲ್ಲ (ನಾನು ಕಾಗದದ ಮೇಲೆ ಒಂದೊಂದೇ ಬಿಟ್ ಬಿಡಿಸಿ ನೋಡಿದ್ದೇನೆ). ಹಾಗಾಗಿ 12 ಕಾರ್ಡುಗಳಲ್ಲಿಯೂ ಆ ಒಂದು ಸೆಕ್ಟರ್ ಹೋಯಿತೆಂದೇ ತಿಳಿಯಿರಿ. ಯಾವ ತಂತ್ರಾಂಶವೂ ಅದನ್ನು ತೆರೆಯದು. ಹೊಸ ಬೀಗ ಮುಂದಿನ ದೃಢೀಕರಣದಿಂದ (ಚಿಪ್ಪು ಕೀಲಿಯನ್ನು ತಾಳೆ ನೋಡುವುದರಿಂದ) ಜಾರಿಗೆ ಬರುವುದರಿಂದ ಬರೆಯುವ ಹೊತ್ತಿಗೆ ಎಲ್ಲವೂ ಸರಿಯಾಗಿದ್ದಂತೆ ಕಂಡಿತು.

ಆದರೂ ಕಾರ್ಡುಗಳನ್ನು ಎಸೆಯಬೇಡಿ. ಕಾರ್ಖಾನೆಯ ಕೀಲಿ ಕೊಟ್ಟು 8ನೇ ಬ್ಲಾಕನ್ನು ಓದಿಸಿ. ತೆರೆದರೆ ಉಳಿದ ಸೆಕ್ಟರುಗಳು ಕ್ಷೇಮ. ಎಲ್ಲ 150 ಕಾರ್ಡುಗಳಿಗೂ 8, 9, 10ನೇ ಬ್ಲಾಕುಗಳನ್ನೇ ಬಳಸುವುದೆಂದು ನಿಶ್ಚಯಿಸಿದರೆ ಈ 12 ಕಾರ್ಡುಗಳೂ ಸಾಲಿಗೆ ಸೇರುತ್ತವೆ.

ಹೆಸರು ಅರ್ಧಕ್ಕೆ ನಿಂತದ್ದು ಲಿಪಿಯ ಅಳತೆಯಿಂದ. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತವೂ 3 ಬೈಟು ತೆಗೆದುಕೊಳ್ಳುತ್ತದೆ, ಸ್ವರಚಿಹ್ನೆಗೂ ಒತ್ತಕ್ಷರದ ಹಲಂತಕ್ಕೂ ಬೇರೆ ಬೇರೆ ಲೆಕ್ಕ. ‘ಗಣಪತಿ’ 15 ಬೈಟಿನಲ್ಲಿ ಮುಗಿದು ಒಂದು ಬ್ಲಾಕಿನಲ್ಲಿ ಕೂರುತ್ತಾನೆ. ‘ಶಾರದಮ್ಮ’ನಿಗೆ 21 ಬೈಟು ಬೇಕು. ನನ್ನನ್ನು ಕೇಳಿದರೆ ಹೆಸರನ್ನು ಕಾರ್ಡಿನ ಮೇಲೆ ಮುದ್ರಿಸಿ, ಒಳಗೆ ಸದಸ್ಯತ್ವ ಸಂಖ್ಯೆಯನ್ನಷ್ಟೇ ಬರೆದು, ವಿಳಾಸ ಮತ್ತು ಮೊಬೈಲ್ ಸಂಖ್ಯೆಯನ್ನು ಕಂಪ್ಯೂಟರಿನ ಪಟ್ಟಿಯಲ್ಲಿಡುವುದೇ ಸರಿ. ಕಾರ್ಡು ಬಸ್ಸಿನಲ್ಲಿ ಬಿದ್ದುಹೋದರೆ ಸದಸ್ಯರ ವಿವರ ಬೇರೆಯವರ ಕೈಸೇರುವುದಿಲ್ಲ.

ಠೇವಣಿಯ ಹಣವನ್ನು ಖಂಡಿತ ಇಡಬೇಡಿ. ಈ ಕಾರ್ಡಿನ ಕ್ರಿಪ್ಟೋ-1 ಗೂಢಲಿಪಿಯನ್ನು 2008ರಷ್ಟು ಹಿಂದೆಯೇ ಸಂಶೋಧಕರು ಭೇದಿಸಿದ್ದಾರೆ. ಹಣದ ಕೆಲಸಕ್ಕೆ ಎಇಎಸ್ ಎಂಬ ಬಲವಾದ ಗೂಢಲಿಪಿ ಇರುವ ಡೆಸ್‌ಫೈರ್ ಮಾದರಿಯ ಕಾರ್ಡು ಬೇಕು. ನಿಮ್ಮ ವಾಚನಾಲಯಕ್ಕೆ ರಸೀದಿ ಪುಸ್ತಕವೇ ಸಾಕು.

ಮುಂದೆ 8, 9, 10ರ ಬೀಗವಾದ 11ನೇ ಬ್ಲಾಕಿನ ಕೀಲಿ ಬದಲಿಸುವಾಗ ಒಂದು ಎಚ್ಚರಿಕೆ ಬೇಕು. ‘ಎ’ ಕೀಲಿಯನ್ನು ಚಿಪ್ಪು ಎಂದೂ ಹೊರಗೆ ತೋರಿಸದು. ಓದಿದಾಗ ಆ ಜಾಗದಲ್ಲಿ ಸೊನ್ನೆಗಳೇ ಕಾಣುತ್ತವೆ. ಓದಿದ್ದನ್ನು ಹಾಗೆಯೇ ತಿರುಗಿ ಬರೆದರೆ ಹನ್ನೆರಡು ಸೊನ್ನೆಯೇ ನಿಮ್ಮ ಕೀಲಿಯಾಗಿಬಿಡುತ್ತದೆ. ನಡುವಿನ ಎಫ್‌ಎಫ್ 07 80 69 ಎಂಬ ನಾಲ್ಕು ಬೈಟುಗಳನ್ನು ಮುಟ್ಟದೆ ‘ಎ’ ಮತ್ತು ‘ಬಿ’ ಕೀಲಿಗಳೆರಡನ್ನೂ ಹೊಸದಾಗಿ ಟೈಪಿಸಿ, ಬರೆಯುವ ಮುನ್ನವೇ ಅವನ್ನು ದಾಖಲೆ ಪುಸ್ತಕದಲ್ಲಿ ಗುರುತು ಹಾಕಿಕೊಂಡು, ಒಂದೇ ಕಾರ್ಡಿನಲ್ಲಿ ಪ್ರಯೋಗ ಮಾಡಿ. ಆ ಕಾರ್ಡನ್ನು ರೀಡರಿನಿಂದ ಎತ್ತಿ, ಮತ್ತೆ ಇಟ್ಟು, ಹೊಸ ಕೀಲಿಯಿಂದ ಓದಿಸಿದ ಮೇಲೆಯೇ ಎರಡನೆಯ ಕಾರ್ಡನ್ನು ಕೈಗೆತ್ತಿಕೊಳ್ಳಿ.