ಹುಲಿಗಿಂತ ಕ್ರೂರವಾದದ್ದು
ಮಾನ್ಯರೇ,

ಕಳೆದ ಸಂಚಿಕೆಯಲ್ಲಿ ಬಂದ ಆರ್ಯಸತ್ಯಗಳ ಕುರಿತ ಲೇಖನವನ್ನು ಓದಿ ನೀವು ಪತ್ರ ಬರೆದಿದ್ದೀರಿ. ದುಃಖದ ಮೂಲ ತೃಷ್ಣೆ ಎಂದು ಬುದ್ಧ ಹೇಳಿದ, ಪೂರ್ವಕರ್ಮವೆಂದು ನಮ್ಮ ಹಿರಿಯರು ನಂಬಿದರು. ಹಿರಿಯರಿಗೂ ಅರಸರಿಗೂ ತಲೆಬಾಗಿ ನಡೆಯಿರಿ ಎನ್ನುವುದರ ಹೊರತು ಚೀನಾದ ಪ್ರಾಚೀನ ಚಿಂತಕ ಕನ್‌ಫ್ಯೂಷಿಯಸ್ ಈ ಬಗ್ಗೆ ಏನನ್ನಾದರೂ ಹೇಳಿದ್ದಾನೆಯೇ ಎಂಬುದು ನಿಮ್ಮ ಪ್ರಶ್ನೆ. ಖಂಡಿತ ಹೇಳಿದ್ದಾನೆ. ಆದರೆ ಅವನೂ ಅವನ ಪರಂಪರೆಯವರೂ ದುಃಖದ ಕಾರಣವನ್ನು ಹುಡುಕಿದ್ದು ಹೆಚ್ಚಾಗಿ ಮನುಷ್ಯರ ನಡುವಿನ ವ್ಯವಹಾರದಲ್ಲಿ, ಅದರಲ್ಲೂ ಆಳುವವರ ನಡತೆಯಲ್ಲಿ.

ಆಚಾರ ವಿಧಿಗಳನ್ನು ಕುರಿತ ಚೀನಾದ ಪ್ರಾಚೀನ 'ಲಿ ಜಿ' ಗ್ರಂಥದಲ್ಲಿ ಒಂದು ಪ್ರಸಂಗವಿದೆ. ತಾಯ್ ಪರ್ವತದ ಬಳಿ ಹಾದುಹೋಗುತ್ತಿದ್ದ ಕನ್‌ಫ್ಯೂಷಿಯಸ್, ಸಮಾಧಿಯೊಂದರ ಮುಂದೆ ಗೋಳಾಡುತ್ತಿದ್ದ ಹೆಂಗಸನ್ನು ಕಂಡು ಶಿಷ್ಯನನ್ನು ಕಳಿಸಿ ವಿಚಾರಿಸುತ್ತಾನೆ. ಮೊದಲು ಮಾವ, ಆಮೇಲೆ ಗಂಡ, ಈಗ ಮಗ, ಮೂವರೂ ಹುಲಿಯ ಬಾಯಿಗೆ ಬಿದ್ದರೆಂದು ಆಕೆ ಹೇಳುತ್ತಾಳೆ. ಹಾಗಾದರೆ ಈ ಜಾಗ ಬಿಟ್ಟು ಏಕೆ ಹೋಗಲಿಲ್ಲವೆಂದರೆ, 'ಇಲ್ಲಿ ಪೀಡಿಸುವ ಸರ್ಕಾರವಿಲ್ಲ' ಎನ್ನುತ್ತಾಳೆ. ಕ್ರೂರ ಆಡಳಿತವು ಹುಲಿಗಿಂತ ಭಯಂಕರ, ನೆನಪಿಡಿ ಎಂದು ಗುರು ಶಿಷ್ಯರಿಗೆ ಹೇಳುತ್ತಾನೆ. ಆ ಹೆಂಗಸಿಗೆ ಆತ ವೈರಾಗ್ಯವನ್ನು ಬೋಧಿಸಲಿಲ್ಲ ಎಂಬುದನ್ನು ಗಮನಿಸಿ.

ಇದೇ ಪರಂಪರೆಯ, ಕ್ರಿ.ಪೂ. 4ನೇ ಶತಮಾನದ ಚಿಂತಕ ಮೆನ್ಸಿಯಸ್ ಇದನ್ನೇ ಅರಸನ ಎದುರಿಗೆ ನಿಂತು ಹೇಳಿದ. ಬರ ಬಂದಾಗ ಜನರನ್ನು ಒಂದು ಸೀಮೆಯಿಂದ ಇನ್ನೊಂದಕ್ಕೆ ಸಾಗಿಸಿ, ಧಾನ್ಯವನ್ನೂ ಕಳಿಸಿಕೊಡುತ್ತೇನೆಂದು ಲಿಯಾಂಗ್ ರಾಜ್ಯದ ಹುಯಿ ಅರಸ ಹೆಮ್ಮೆಪಟ್ಟಾಗ, ನಿನ್ನ ನಾಯಿ ಹಂದಿಗಳು ಮನುಷ್ಯರ ಅನ್ನ ತಿನ್ನುತ್ತಿವೆ, ದಾರಿಯಲ್ಲಿ ಹಸಿದವರು ಸತ್ತು ಬಿದ್ದಿದ್ದರೂ ಕಣಜದ ಬಾಗಿಲು ತೆರೆದಿಲ್ಲ ಎಂದ. ಜನ ಸತ್ತರೆ 'ನಾನಲ್ಲ, ಬೆಳೆ ಕೈಕೊಟ್ಟಿತು' ಎನ್ನುವುದು, ಒಬ್ಬನನ್ನು ಇರಿದು ಕೊಂದು 'ನಾನಲ್ಲ, ಆಯುಧ' ಎಂದಂತೆ ಎಂದೂ ಸೇರಿಸಿದ. ಎರಡು ಸಾವಿರ ವರ್ಷಗಳ ನಂತರವೂ ಈ ಮಾತು ನನ್ನನ್ನು ಕಲಕುತ್ತದೆ.

ಆಸೆಯ ವಿಚಾರಕ್ಕೆ ಬಂದರೆ, ಕ್ರಿ.ಪೂ. 3ನೇ ಶತಮಾನದ ಇದೇ ಪರಂಪರೆಯ ಚಿಂತಕ ಷುನ್‌ಝಿ ಬುದ್ಧನಿಗೆ ಹತ್ತಿರ ಬಂದಂತೆ ಕಂಡರೂ ಬೇರೆಯೇ ದಾರಿ ಹಿಡಿಯುತ್ತಾನೆ. ಮನುಷ್ಯ ಆಸೆಗಳೊಂದಿಗೇ ಹುಟ್ಟುತ್ತಾನೆ. ಅವಕ್ಕೆ ಮಿತಿ ಇಲ್ಲದಿದ್ದಾಗ ಜಗಳ, ಜಗಳದಿಂದ ಅರಾಜಕತೆ, ಅದರಿಂದ ಬಡತನ. ಆದ್ದರಿಂದ ಅವನಿಗೆ ಬೇಕಾದದ್ದು ಆಸೆಯ ನಾಶವಲ್ಲ, ಎಲ್ಲರಿಗೂ ಪಾಲು ದೊರೆಯುವಂತೆ ಹದ ಕಟ್ಟಿಕೊಡುವ ವಿಧಿ ಮರ್ಯಾದೆಗಳು.

ಇಷ್ಟಾದರೂ ಯಾರ ತಪ್ಪೂ ಇಲ್ಲದೆ ಬರುವ ನೋವು ಉಳಿಯುತ್ತದೆ. ಶಿಷ್ಯ ಬೋ ನಿಯು ಕಾಯಿಲೆ ಬಿದ್ದಾಗ ಕನ್‌ಫ್ಯೂಷಿಯಸ್ ಕಿಟಕಿಯಿಂದಲೇ ಅವನ ಕೈ ಹಿಡಿದು, ಇದು ವಿಧಿ, ಇಂಥವನಿಗೆ ಇಂಥ ರೋಗವೇ ಎಂದು ಎರಡೆರಡು ಬಾರಿ ಹಲುಬಿದ. ರೋಗಿಯ ಹಿಂದಿನ ಜನ್ಮದ ಪಾಪವನ್ನು ಅವನು ಕೆದಕಲಿಲ್ಲ. ನೊಂದವನ ಮೇಲೆಯೇ ನೋವಿನ ಹೊಣೆ ಹೊರಿಸದ ಈ ನಿಲುವು, ಕರ್ಮಸಿದ್ಧಾಂತದಲ್ಲಿ ಬೆಳೆದ ನಾವು ಗಂಭೀರವಾಗಿ ಯೋಚಿಸಬೇಕಾದದ್ದು. ಪ್ರಿಯ ಶಿಷ್ಯ ಯೆನ್ ಹುಯಿ ಸತ್ತಾಗಲಂತೂ ಗುರುವಿನ ದುಃಖ ಮಿತಿಮೀರಿತೆಂದು ಶಿಷ್ಯರೇ ಹೇಳಿದರು. ಇವನಿಗಾಗಿ ಅಲ್ಲದೆ ಇನ್ನಾರಿಗಾಗಿ ಅಳಲಿ ಎಂದು ಅವನು ಕೇಳಿದ.

ತಲೆಬಾಗುವ ವಿಚಾರದಲ್ಲಿ ನಿಮ್ಮ ಆಕ್ಷೇಪಕ್ಕೆ ಆಧಾರವಿದೆ. ಮುಂದಿನ ಶತಮಾನಗಳ ಚಕ್ರವರ್ತಿಗಳೂ ಮನೆಯ ಯಜಮಾನರೂ ಈ ಚಿಂತನೆಯನ್ನು ವಿಧೇಯತೆಯ ಪಾಠವನ್ನಾಗಿ ಬಳಸಿದರು. ಹೆಣ್ಣುಮಕ್ಕಳು ಅದರ ಭಾರವನ್ನು ಎಲ್ಲರಿಗಿಂತ ಹೆಚ್ಚು ಹೊತ್ತರು. 20ನೇ ಶತಮಾನದ ಆರಂಭದಲ್ಲಿ ಚೀನಾದ ಯುವ ಲೇಖಕರು ಅದರ ವಿರುದ್ಧ ಸಿಡಿದೆದ್ದದ್ದು ನ್ಯಾಯವೇ. ಆದರೆ ದುಷ್ಟ ಅರಸ ಝೌನನ್ನು ಕೊಂದದ್ದು ರಾಜಹತ್ಯೆಯೇ ಎಂಬ ಪ್ರಶ್ನೆಗೆ, ಝೌ ಎಂಬ ಒಬ್ಬ ಮನುಷ್ಯನನ್ನು ಕೊಂದರೆಂದು ಕೇಳಿದ್ದೇನೆ, ರಾಜನನ್ನು ಕೊಂದರೆಂದು ಕೇಳಿಲ್ಲ ಎಂದು ಉತ್ತರಿಸಿದ ಮೆನ್ಸಿಯಸ್ ಕೂಡ ಇದೇ ಪರಂಪರೆಯವನು. ಅವನ ಗ್ರಂಥದ ಮೊದಲ ಭಾಗ ಬಹುಮಟ್ಟಿಗೆ ಅರಸರೊಂದಿಗಿನ ಸಂವಾದವೇ ಆಗಿದೆ. ನೀವು ಅಲ್ಲಿಂದಲೇ ಓದಲು ತೊಡಗಬೇಕೆಂದು ನನ್ನ ಕೋರಿಕೆ.

– ಸಂಪಾದಕ